ಸುಜಾತಾಳ ಮೂರನೆಯ ಕಾಲಂ

ಐಎಎಸ್, ಕೆಎಎಸ್ ಪರೀಕ್ಷೆ ಬರೆಯುವವರಿಗೆ ಪ್ರಚಲಿತ ವಿದ್ಯಮಾನ ಕಲಿಸುವುದು ನನ್ನ ಕೆಲಸ. ಒಮ್ಮೆ ಶಹಾಬಾದದಲ್ಲಿ ಅಂಥ ಇಪ್ಪತ್ತು ಮಂದಿಗೆ ಪಾಠ ಮಾಡಲು ಹೋಗಿದ್ದೆ.

"ದಿನಾ ಪೇಪರ್ ಓದಿ ಎರಡು ಕಾಲಂ ಬರೀರಿ. ಒಂದರಾಗ ಸುದ್ದಿ, ಇನ್ನೊಂದರಾಗ ಅದರ ಹಿನ್ನೆಲೆ," ಅಂದೆ.

ಹಿಂದಿನ ಸಾಲಿನಿಂದ ಸುಜಾತಾ ಎಂಬ ಹೆಣ್ಣುಮಗಳು ಎದ್ದಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸ ಮುಗಿಸಿ ನೇರ ಬಂದಿದ್ದಳು. ತೋಳಿನ ಮೇಲೆ ಇನ್ನೂ ಕಲ್ಲಿನ ಧೂಳಿತ್ತು.

"ನಾ ಮೂರು ಬರೀತೀನ್ರಿ ಸರ್."

"ಮೂರನೇದು ಯಾಕವ್ವಾ? ಸುಮ್ನ ಟೈಮ್ ಹಾಳು," ಅಂದೆ, ತುಸು ಗತ್ತಿನಿಂದಲೇ.

ಅವಳು ನೋಟ್‌ಬುಕ್ ತಂದು ಮುಂದಿಟ್ಟಳು. ಮೂರನೆಯ ಕಾಲಮಿನ ಮೇಲೆ 'ನಮ್ಮ ಕಡಿ ಏನಾಗ್ಯಾದ?' ಎಂದಿತ್ತು. ತೊಗರಿ ಖರೀದಿ ಕೇಂದ್ರದ ಸುದ್ದಿಯ ಎದುರು, 'ಅತ್ತಿ ಹೋಗಿ ಬಂದಳು. ಬಾಗಿಲು ಇನ್ನೂ ತೆರೆದಿಲ್ಲ.' ಕಲ್ಲು ಕೆಲಸದವರ ಎದೆ ತಪಾಸಣೆಯ ಸುದ್ದಿಯ ಎದುರು, 'ಡಾಕ್ಟರು ಬಂದಿದ್ದರು. ನಂದೂ ಎಕ್ಸ್‌ರೇ ಆಯ್ತು.' ಪುಟಪುಟವೂ ಹಾಗೇ, ಸ್ವತಃ ವಿಚಾರಿಸಿ ಬರೆದದ್ದು.

"ಭಾಳ ಛಲೋ ಅದ. ಆದ್ರ ಇದನ್ನ ಪರೀಕ್ಷಾದಾಗ ಯಾರು ಕೇಳ್ತಾರವ್ವಾ?"

"ಪರೀಕ್ಷಾದಾಗ ಕೇಳಂಗಿಲ್ರಿ ಸರ್. ಆಫೀಸರ್ ಆದ ಮ್ಯಾಲ ಮಂದಿ ಕೇಳ್ತಾರಲ್ರಿ."

ಉಳಿದ ಪಾಠವನ್ನು ಅವಳ ನೋಟ್‌ಬುಕ್ಕಿನಿಂದಲೇ ಮಾಡಿದೆ.

ಮರುವರ್ಷ ಸುಜಾತಾ ಕೆಎಎಸ್ ಪ್ರಿಲಿಮ್ಸ್ ಪಾಸಾದಳು. ಈಗ ಮೇನ್ಸ್‌ಗೆ ಓದುತ್ತಿದ್ದಾಳೆ. ನಾನು ಸೇಡಂ, ಚಿತ್ತಾಪುರ, ಎಲ್ಲಿಗೇ ಹೋದರೂ ಮೂರು ಕಾಲಂ ಬರೆಸುತ್ತೇನೆ, ಅವಳ ಹೆಸರು ಹೇಳಿಯೇ. ಆದರೂ ಹುಡುಗರು ಅದನ್ನು 'ಸರ್ ಮೆಥಡ್' ಅನ್ನುತ್ತಾರೆ. ಆ ಹೊತ್ತಿಗೆ ಮಾತ್ರ ನನಗೆ ಕಿವಿ ಸ್ವಲ್ಪ ಮಂದವಾಗುತ್ತದೆ.