ರೆಕ್ಸಿನ್ ಕವರು ಹೊದ್ದ ವೈಫೈ

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಬಾಯಿ ಮಾತೂ ಇಲ್ಲ. ಅವಳು ಮಾತಾಡುವುದೆಲ್ಲ ಕೈಯಲ್ಲಿ. ದೂರದ ಊರಿನ ಕಿವುಡು ಮಕ್ಕಳ ಶಾಲೆಯೊಂದು ಟೀಚರ್ ಕೆಲಸಕ್ಕೆ ಅವಳನ್ನು ವಿಡಿಯೊದಲ್ಲೇ ಸಂದರ್ಶನ ಮಾಡುತ್ತೇವೆ ಎಂದಾಗ, ನನಗೆ ಮೊದಲು ನೆನಪಾದದ್ದು ಮನೆಯ ವೈಫೈ.

ಅದಕ್ಕೊಂದು ಕೆಟ್ಟ ಚಾಳಿ. ಮೆಸೇಜು ನೋಡಿ, ಹಾಡು ಕೇಳಿ, ತೆಪ್ಪಗಿರುತ್ತದೆ. ವಿಡಿಯೊ ಹಚ್ಚಿ ಸ್ವಲ್ಪ ಹೊತ್ತಾಯಿತೋ, ಚಿತ್ರ ನಿಂತು ಕೈಕೊಡುತ್ತದೆ. ಗೋಡೆಯ ಸ್ವಿಚ್ಚು ಆರಿಸಿ ಹಾಕಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮದ್ದೂರಿನ ಕೇಬಲ್‌ನವನಿಗೆ ಫೋನಿನಲ್ಲೇ ಮಂಗಳಾರತಿ ಎತ್ತಿದೆ. ಅವನು ಬಂದು ಕಂಬ ಹತ್ತಿ ವೈರು ಬದಲಿಸಿ, "ಲೈನ್ ಸರ್ಯಾಗದೆ ಕಣಕ್ಕ. ಊರೋರೆಲ್ಲ ನಿಮ್ ವೈಫೈನೇ ಎಳ್ಕತಾವ್ರೆ" ಎಂದು ಹೊರಟ.

ಅದೂ ಸುಳ್ಳಲ್ಲ. ಮಜ್ಜಿಗೆ ಕೇಳಿದವರಿಗೆ ಇಲ್ಲ ಎನ್ನದ ಅವ್ವ, ಪಾಸ್‌ವರ್ಡ್ ಕೇಳಿದವರಿಗೂ ಇಲ್ಲ ಎಂದಿರಲಿಲ್ಲ. ಪಾಸ್‌ವರ್ಡ್ ಬದಲಿಸಿದೆ. ಪಕ್ಕದ ಮನೆಯಾಕೆ ಮುಖ ತಿರುಗಿಸಿಕೊಂಡು ಓಡಾಡಿದಳು. ವೈಫೈ ಮಾತ್ರ ತನ್ನ ಚಾಳಿ ಬಿಡಲಿಲ್ಲ. ಮೊಬೈಲಿನ ಸಿಗ್ನಲ್ಲು ನಮ್ಮ ಮನೆಯೊಳಗೆ ಕರೆಗಷ್ಟೇ ಸಾಲುತ್ತಿತ್ತು.

ಸಂದರ್ಶನದ ದಿನ ಲ್ಯಾಪ್‌ಟಾಪಿನ ಮುಂದೆ ತಂಗಿ ಹಸಿರು ಸೀರೆಯುಟ್ಟು ಕೂತಳು. ಪರದೆಯಲ್ಲಿ ಶಾಲೆಯವರು, ಜೊತೆಗೆ ಕೈಸನ್ನೆಯಲ್ಲಿ ಪ್ರಶ್ನೆ ಕೇಳುವ ಹೆಂಗಸು. ತಂಗಿ ಉತ್ತರ ಶುರು ಮಾಡಿದಳು. ಅರ್ಧಕ್ಕೆ ಚಿತ್ರ ನಿಂತಿತು. ನಾನು ಓಡಿ ಸ್ವಿಚ್ಚು ಆರಿಸಿ ಹಾಕಿದೆ. ಬಂತು. ಮತ್ತೆ ಹೋಯಿತು. ಅವಳ ಕೈಗಳು ಗಾಳಿಯಲ್ಲೇ ನಿಂತಿದ್ದವು, ನನಗೆ ಅಳು ಬಂತು.

ಫೋನು ರಿಂಗಾಯಿತು. ಶಾಲೆಯ ಕಚೇರಿಯವರು. "ವಿಡಿಯೊ ಆಫ್ ಮಾಡಿ ಮೇಡಂ, ಬರೀ ವಾಯ್ಸಲ್ಲಿ ಮುಂದುವರಿಸಿ."

"ಯಾರಿಗೆ ಹೇಳ್ತಾ ಇದೀರಿ ಸಾರ್? ಅವಳ ಬಾಯೇ ಆ ವಿಡಿಯೊ."

"ಸಾರಿ, ಅಭ್ಯಾಸಬಲ. ಇನ್ನೊಂದು ಸಲ ನೋಡೋಣ. ಆಗಲಿಲ್ಲ ಅಂದ್ರೆ ಮುಂದಿನವರನ್ನ ಕರೀಬೇಕಾಗುತ್ತೆ."

ಅಷ್ಟರಲ್ಲಿ ತಂಗಿ ಎದ್ದು ಗೋಡೆಯ ಗೂಡಿನಲ್ಲಿದ್ದ ವೈಫೈ ರೂಟರಿಗೆ ಕೈ ಹಾಕಿದವಳು ಸರಕ್ಕನೆ ಹಿಂದೆಗೆದಳು. ನನ್ನ ಮಣಿಕಟ್ಟು ಹಿಡಿದೆಳೆದು ಅದರ ಮೇಲೆ ಒತ್ತಿದಳು. ಕಾದ ಕಾವಲಿ.

ನಮ್ಮ ಮನೆಯ ಪಕ್ಕದಲ್ಲೇ ಆಲೆಮನೆ. ಕಬ್ಬಿನ ಹಾಲು ಕಾಯಿಸುವ ಒಲೆಯ ಬೂದಿ ಹಾರಿ ಬರುತ್ತದೆಂದು ಅವ್ವ ಟೀವಿ, ಮಿಕ್ಸಿ, ಸ್ಟೌವು, ಎಲ್ಲಕ್ಕೂ ಬಟ್ಟೆ ಹೊಲಿದು ಹೊದಿಸುತ್ತಾಳೆ. ರೂಟರಿಗೆ ಮಾತ್ರ ವಿಶೇಷ ಮರ್ಯಾದೆ: ಟ್ರ್ಯಾಕ್ಟರ್ ಸೀಟಿಗೆ ತಂದು ಉಳಿದಿದ್ದ ದಪ್ಪ ರೆಕ್ಸಿನ್ನು, ದೀಪ ಕಾಣಲೊಂದು ಕಿಂಡಿ. ನಾನು ದಿನಾ ಆ ದೀಪ ನೋಡಿಯೇ ಬೈಯುತ್ತಿದ್ದೆ. ಕವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವಿಡಿಯೊದಂಥ ಭಾರದ ಕೆಲಸ ಬಿದ್ದಾಗಲೆಲ್ಲ ರೂಟರು ಅದರೊಳಗೇ ಬೆಂದು ನಿಂತುಬಿಡುತ್ತಿತ್ತು.

ಸ್ವಿಚ್ಚು ಆರಿಸಿ ಕವರು ಕಿತ್ತೆಸೆದೆ.

"ಯಾಕವ್ವಾ ಕಿತ್ತಾಕ್ದೆ? ಬೂದಿ ಬೀಳ್ತದೆ" ಎಂದು ಅವ್ವ ಅಡುಗೆಮನೆಯಿಂದ ಬಂದಳು.

"ಬಿದ್ರೆ ಬೀಳ್ಲಿ ಬುಡವ್ವ. ಉಸಿರು ಕಟ್ಟಿ ಸಾಯ್ತಾ ಅದೆ ಅದು."

ಅವ್ವ ಮುಟ್ಟಿ ನೋಡಿದಳು. ಅವಳ ಮುಖ ಸಣ್ಣದಾಯಿತು. ಒಳಗೆ ಹೋಗಿ ಮೊರ ತಂದು, ರೂಟರಿಗೆ ಗಾಳಿ ಬೀಸತೊಡಗಿದಳು. ನಾನು ಸ್ವಿಚ್ಚು ಹಾಕಿದೆ.

ಪರದೆಯ ಹೆಂಗಸು ಕೈಸನ್ನೆಯಲ್ಲಿ, "ಕಾಣ್ತಾ ಇದೀರಿ, ಹೇಳಿ" ಎಂದಳು. ತಂಗಿ ಅರ್ಧಕ್ಕೆ ನಿಂತಿದ್ದ ಉತ್ತರವನ್ನು ಮೊದಲಿನಿಂದ ಹೇಳತೊಡಗಿದಳು. ಯಾವಾಗಲೂ ಕೈಕೊಡುವ ಹೊತ್ತು ಹತ್ತಿರವಾದಾಗ ನಾನು ಸೆರಗು ಕಚ್ಚಿ ನಿಂತೆ. ಆ ಹೊತ್ತು ದಾಟಿತು. ತಂಗಿ ಏನೋ ಹೇಳಿದಳು, ಶಾಲೆಯವರೆಲ್ಲ ನಕ್ಕರು. ಅವಳ ಕೈ ಈಗ ನನ್ನ ಕಣ್ಣಿಗೂ ಸಿಗದಷ್ಟು ಚುರುಕಾಗಿ ಓಡುತ್ತಿತ್ತು.

ಅವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಮುಗೀತಾ?" ಎಂದಳು, ಪಿಸುದನಿಯಲ್ಲಿ.

"ಇಲ್ಲ ಕಣವ್ವ, ಇನ್ನೂ ಮಾತಾಡ್ತಾವ್ಳೆ. ಬೀಸು."