ಮಾಯ್ಸ್ಚರ್ ಮೀಟರಿಗೆ ಯಾವ ಕೋಣೆ?

ಯಾವ ವಸ್ತುವನ್ನು ಎಲ್ಲಿಡಬೇಕೆಂದು ನನಗೆ ತಿಳಿಯುವುದಿಲ್ಲ. ಮೆಣಸು ಕೊಯ್ಯುವ ಏಣಿಯನ್ನು ಏಣಿಗಳ ಜೊತೆ ಇಡಬೇಕೋ, ಮೆಣಸಿನ ಸಾಮಾನಿನ ಜೊತೆ ಇಡಬೇಕೋ ಎಂದು ಯೋಚಿಸುತ್ತ, ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಗೋಡೌನಿನ ಬಾಗಿಲಲ್ಲಿ ನಿಂತವನು ನಾನು. ಲೆಕ್ಕ ಬರೆಯುತ್ತಿದ್ದ ನಮ್ಮ ತೋಟದ ರೈಟರ್ ತಲೆ ಎತ್ತಿ, "ಅದನ್ನ ಹೊರಗೇ ಒರಗ್ಸಿಬಿಡಿ ಸಾರ್" ಎಂದ ಮೇಲೆ ಬಿಡುಗಡೆಯಾಯಿತು.

ಇಂಥವನು ಎರಡು ಸಾವಿರದ ದಶಕದ ಮಧ್ಯದಲ್ಲಿ, ಮೂಡಿಗೆರೆ ಪಕ್ಕದ ತೋಟದಲ್ಲಿ ಕೂತು, ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಒಂದು ಡ್ರೈವರ್ ಬರೆದೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ತೋಟಕ್ಕೆ ಮರಳಿದವನಿಗೆ ತಂತಿ ಕಂಡರೆ ಕೈ ತುರಿಸುವುದು ಬಿಟ್ಟಿರಲಿಲ್ಲ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿ ಸಾಕಷ್ಟು ಒಣಗಿದೆಯೇ ಎಂದು ನಮ್ಮ ಹಿರಿಯರು ಬೀಜ ಕಚ್ಚಿ ಹೇಳುತ್ತಿದ್ದರು. ನನ್ನ ಹಲ್ಲುಗಳ ಮೇಲೆ ನನಗೇ ಭರವಸೆ ಇಲ್ಲದ್ದರಿಂದ ಬೀಜದ ತೇವ ಅಳೆಯುವ ಒಂದು ಮಾಯ್ಸ್ಚರ್ ಮೀಟರ್ ತಂದೆ. ಅದನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಚುಚ್ಚಬಹುದಿತ್ತು. ಆದರೆ ಚಿಕ್ಕಮಗಳೂರಿನಲ್ಲಿ ಕೊಂಡ ಪತ್ರಿಕೆಯೊಂದರ ಸಿ.ಡಿ.ಯಿಂದ ನಾನು ಹಾಕಿಕೊಂಡಿದ್ದ ಲಿನಕ್ಸ್, ಮೀಟರನ್ನು ಗುರುತೇ ಹಿಡಿಯಲಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಯಜಮಾನ. ಮೀಟರಿನಂಥ ಆಳುಗಳ ಭಾಷೆ ಯಜಮಾನನಿಗೆ ಬರುವುದಿಲ್ಲ. ನಡುವೆ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಡ್ರೈವರ್. ನಾನು ಎರಡು ತಿಂಗಳು ಹೆಣಗಿ ಒಬ್ಬ ಮೇಸ್ತ್ರಿಯನ್ನು ತಯಾರು ಮಾಡಿದೆ. ಅವನು ಕೆಲಸವನ್ನೂ ಮಾಡಿದ. ಅಕ್ಕಪಕ್ಕದ ನಾಲ್ಕು ತೋಟದವರು ತಾವೂ ಅದೇ ಮೀಟರ್ ತಂದು, ನನ್ನಿಂದಲೇ ಹಾಕಿಸಿಕೊಂಡರು.

ತಾಪತ್ರಯ ಶುರುವಾದದ್ದು ಅಲ್ಲಿಂದ. ಕರ್ನಲ್ಲಿನ ಹೊಸ ಆವೃತ್ತಿ ಬಂದಾಗಲೆಲ್ಲ ನನ್ನ ಮೇಸ್ತ್ರಿ ಮುನಿಸಿಕೊಂಡು ಕೂರುತ್ತಿದ್ದ. ನಾನು ಜೀಪು ಹತ್ತಿ ನಾಲ್ಕೂ ಮನೆಗೆ ಹೋಗಿ ರಮಿಸಿ ಬರಬೇಕಿತ್ತು. ನನಗೆ ಆಗಲೇ ಐವತ್ತೆಂಟು. ಈ ಕೋಡನ್ನು ಮೂಲ ಕರ್ನಲ್ಲಿನೊಳಗೇ ಸೇರಿಸಿಕೊಂಡರೆ, ಅಲ್ಲಿ ಏನಾದರೂ ಬದಲಾಯಿಸುವವರೇ ಇದನ್ನೂ ಸರಿಮಾಡುತ್ತಾರೆ, ನಾನು ಕೈ ತೊಳೆದುಕೊಳ್ಳಬಹುದು ಎಂದು ಲೆಕ್ಕ ಹಾಕಿದೆ.

ಸೇರಿಸುವುದಾದರೆ ಎಲ್ಲಿಗೆ? ಡ್ರೈವರುಗಳ ಫೋಲ್ಡರ್ ತೆರೆದು ನೋಡಿದೆ, ತಲೆ ಗಿರ್ರೆಂದಿತು. ಕೆಲವನ್ನು ಎಲ್ಲಿ ಚುಚ್ಚುತ್ತಾರೆ ಎಂಬುದರ ಮೇಲೆ ವಿಂಗಡಿಸಿದ್ದರು, ಕೆಲವನ್ನು ಏನು ಕೆಲಸ ಮಾಡುತ್ತವೆ ಎಂಬುದರ ಮೇಲೆ. ಯುಎಸ್‌ಬಿಗೆ ಚುಚ್ಚುವ ನೆಟ್‌ವರ್ಕ್ ಕಾರ್ಡು ಯುಎಸ್‌ಬಿ ಮನೆಯದೋ ನೆಟ್‌ವರ್ಕ್ ಮನೆಯದೋ ಎಂಬುದು ಅವರಿಗೇ ಇತ್ಯರ್ಥವಾಗದೆ, ಒಂದಷ್ಟು ಕಾಲ ಇಲ್ಲಿಟ್ಟು ಆಮೇಲೆ ಅಲ್ಲಿಗೆ ಸಾಗಿಸಿದ್ದರು. ಎಲ್ಲಿಯೂ ಸಲ್ಲದವಕ್ಕೆ 'ಇತರೆ' ಎಂಬ ಫೋಲ್ಡರಿತ್ತು. ಯುಎಸ್‌ಬಿಯ ಒಳಗೆ ಇನ್ನೊಂದು 'ಇತರೆ' ಇತ್ತು. ಇಷ್ಟು ಬುದ್ಧಿವಂತರೂ ಏಣಿ ಹೊತ್ತು ಬಾಗಿಲಲ್ಲಿ ನಿಂತವರೇ ಎಂದು ತಿಳಿದು ಸ್ವಲ್ಪ ಸಮಾಧಾನವೂ ಆಯಿತು.

ಕೊನೆಗೆ ನಾನು ಮಾಡಿದ್ದನ್ನು ನಮ್ಮ ಜಿಲ್ಲೆಯವರಲ್ಲದೆ ಬೇರೆಯವರು ಮಾಡಲಾರರು. ನಮ್ಮಲ್ಲಿ ಲೋಕ ಎರಡೇ ಭಾಗ: ಕಾಫಿ ಮತ್ತು ಇತರೆ ಬೆಳೆ. ಹಾಗಾಗಿ ನಾನು ಸೌಂಡ್, ನೆಟ್‌ವರ್ಕುಗಳ ಸಾಲಿನಲ್ಲೇ 'ಕಾಫಿ' ಎಂಬ ಹೊಸ ಫೋಲ್ಡರ್ ಮಾಡಿ, ನನ್ನ ಒಂದೇ ಒಂದು ಫೈಲನ್ನು ಅದರಲ್ಲಿಟ್ಟು ಕರ್ನಲ್ ನೋಡಿಕೊಳ್ಳುವವರಿಗೆ ಇಮೇಲಿನಲ್ಲಿ ಕಳಿಸಿದೆ. ಇದು ಕಾಫಿ ಕುದಿಸುವ ಯಂತ್ರವೇ ಎಂದು ಕೇಳಿ ಉತ್ತರ ಬಂತು.

ನಾಚಿಕೆಯಾಗಿ ಯುಎಸ್‌ಬಿ ವಿಭಾಗಕ್ಕೆ ಕಳಿಸಿದೆ. ಇದು ಅಳೆಯುವ ಸಾಧನವಲ್ಲವೇ, ಅಳತೆಯವರನ್ನು ಕೇಳಿ ಎಂದರು. ಅಳತೆಯವರು, ನಾವು ಕಂಪ್ಯೂಟರಿನ ಮೈಬಿಸಿ ನೋಡುವವರು, ಬೆಳೆಯ ತೇವ ನಮ್ಮದಲ್ಲ, ಯುಎಸ್‌ಬಿಯವರನ್ನು ಕೇಳಿ ಎಂದರು. ಇಬ್ಬರೂ ಬಹಳ ಮರ್ಯಾದೆಯಿಂದ ಬರೆದಿದ್ದರು. ಆ ಮರ್ಯಾದೆಯಿಂದಲೇ ನನಗೆ ಹೆಚ್ಚು ಗಲಿಬಿಲಿಯಾಯಿತು.

ಇದೇ ಚಿಂತೆಯಲ್ಲಿ ಒಂದು ದಿನ ಜೀಪು ತೆಗೆದುಕೊಂಡು ಹಮೀದ್ ಸಾಬರ ಗ್ಯಾರೇಜಿಗೆ ಹೋದೆ. ಕೊಟ್ಟಿಗೆಹಾರದ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಜೀಪು ರಿಪೇರಿ ಮಾಡುವವರು. ನಮ್ಮ ಕಡೆಯ ಜೀಪುಗಳ ಕಥೆ ಗೊತ್ತಲ್ಲ: ಬಾಡಿ ಒಂದರದು, ಇಂಜಿನ್ ಇನ್ನೊಂದರದು, ಗೇರ್‌ಬಾಕ್ಸು ಯಾವುದರದೋ. ಯಾವ ಕಂಪನಿಯ ಪುಸ್ತಕವೂ ಅವಕ್ಕೆ ಹೊಂದುವುದಿಲ್ಲ. ಸಾಬರ ಗೋಡೆಯ ತುಂಬ ತಗಡಿನ ಡಬ್ಬಿಗಳು. ಅವುಗಳ ಮೇಲೆ ಬಿಡಿಭಾಗಗಳ ಹೆಸರಿಲ್ಲ, ತೋಟಗಳ ಹೆಸರಿದೆ. ಎಷ್ಟೋ ವರ್ಷದಿಂದ ನೋಡುತ್ತಿದ್ದೆ, ಅಂದು ಕೇಳಿದೆ.

"ಸಾಬ್ರೆ, ಬೇರಿಂಗೆಲ್ಲ ಒಂದ್ ಕಡೆ, ಬೋಲ್ಟೆಲ್ಲ ಒಂದ್ ಕಡೆ ಇಡಬಾರ್ದಾ?"

"ಮೊದ್ಲು ಹಂಗೇ ಇಟ್ಟಿದ್ದೆ ಗೌಡ್ರೆ. ನೋಡೋಕೆ ಚೆಂದ ಇತ್ತು. ನಿಮ್ಮ ಜೀಪ್ ಬಂದ್ರೆ ಅರ್ಧ ದಿನ ಹುಡುಕೋದೇ ಆಗ್ತಿತ್ತು."

"ಮತ್ತೆ ಹೊಸಬ್ರು ಯಾರಾದ್ರೂ ಸಾಮಾನು ತಂದುಕೊಟ್ರೆ? ಅದು ಯಾವ ಡಬ್ಬಿಗೆ?"

ಸಾಬರು ಸ್ಪ್ಯಾನರ್ ಕೆಳಗಿಟ್ಟರು. "ಡಬ್ಬಿ ಆಮೇಲಾಯ್ತು. ಕೆಟ್ರೆ ಯಾರನ್ನ ಕೇಳ್ಬೇಕು, ಅದನ್ನ ಮೊದ್ಲು ಹೇಳ್ಬೇಕಲ್ಲ. ಅದು ಗೊತ್ತಿಲ್ದೆ ನಾನ್ಯಾಕೆ ಒಳಗೆ ಇಟ್ಕೊಳ್ಲಿ ಮಾರಾಯ್ರೆ?"

ಮನೆಗೆ ಬಂದು ಆ ಎರಡು ಪತ್ರಗಳನ್ನೂ ಮತ್ತೆ ಓದಿದೆ. ಎರಡರ ಕೊನೆಯಲ್ಲೂ ಒಂದೇ ಪ್ರಶ್ನೆ ಇತ್ತು: ಇದನ್ನು ಮುಂದೆ ನೋಡಿಕೊಳ್ಳುವವರು ಯಾರು? ಊರಿನಲ್ಲಿ ಮಳೆ ಹೇಗಿದೆ ಎಂದು ವಿಚಾರಿಸಿದ ಹಾಗೆ ಔಪಚಾರಿಕವಾಗಿ ಕೇಳಿದ್ದಾರೆಂದು ನಾನು ಅದನ್ನು ಹಾರಿಸಿಬಿಟ್ಟಿದ್ದೆ. ಯಾವ ಡ್ರೈವರಿಗೆ ಯಾರು ಹೊಣೆ ಎಂದು ಬರೆದಿಡುವ ಒಂದು ದೊಡ್ಡ ಪಟ್ಟಿಯೇ ಕರ್ನಲ್ಲಿನಲ್ಲಿದೆ. ಅದರಲ್ಲಿ ನನ್ನ ಹೆಸರು ಸೇರಿಸಲು ಹೋದರೆ ಬೆರಳು ಏಳಲಿಲ್ಲ. ನೋಡಿಕೊಳ್ಳುವುದು ತಪ್ಪಲಿ ಎಂದೇ ಕಳಿಸಹೊರಟಿದ್ದೆ; ಈಗ ನೋಡಿದರೆ, ನೋಡಿಕೊಳ್ಳುತ್ತೇನೆ ಎಂದರೆ ಮಾತ್ರ ಒಳಗೆ ಪ್ರವೇಶ. ಇದು ಯಾವ ನ್ಯಾಯವೆಂದು ಎರಡು ದಿನ ಗೊಣಗಿದೆ. ಮೂರನೆಯ ದಿನ ಹೆಸರು ಬರೆದು, ಯುಎಸ್‌ಬಿಯ 'ಇತರೆ'ಗೆ ಕಳಿಸಿದೆ. ಒಂದೇ ಸಾಲಿನಲ್ಲಿ ಒಪ್ಪಿಗೆ ಬಂತು.

ಆಮೇಲೆ ಒಂದು ವರ್ಷ ಯಾರೂ ಏನೂ ಕೇಳಲಿಲ್ಲ. ಕರ್ನಲ್ ಬದಲಾದಾಗ ಅಲ್ಲಿನವರೇ ನನ್ನ ಫೈಲನ್ನೂ ತಿದ್ದಿಕೊಂಡರು. ಜೀಪು ಹತ್ತುವುದು ತಪ್ಪಿತು. ಸುಖವಾಗಬೇಕಿತ್ತು, ಒಂದು ಥರ ಬೇಜಾರಾಗತೊಡಗಿತು. ಆಗ ಒಂದು ಬೆಳಿಗ್ಗೆ, ನಾನು ನಕ್ಷೆಯಲ್ಲಿ ಹುಡುಕಬೇಕಾದ ಊರಿನಿಂದ, ಗೋಧಿ ಬೆಳೆಯುವವರೊಬ್ಬರ ಪತ್ರ ಬಂತು. ಅವರಲ್ಲೂ ಅದೇ ಮೀಟರಂತೆ, ಅವರ ಗೋಧಿಯ ತೇವ ಅಳೆಯುವುದೂ ನನ್ನ ಮೇಸ್ತ್ರಿಯೇ ಅಂತೆ. ಅವನು ಈಗ ಕೈಕೊಟ್ಟಿದ್ದಾನೆ, ಒಕ್ಕಣೆ ಹತ್ತಿರ ಬಂದಿದೆ, ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡಿತು ಎಂದು ಬರೆದಿದ್ದರು.

ಹೆಂಡತಿಯನ್ನು ಕರೆದು ಓದಿ ಹೇಳಿದೆ.

"ಕೆಟ್ಟೋಗಿದೆ ಅಂತ ಬರ್ದಿದ್ದಾರೆ. ಅದಕ್ಯಾಕೆ ನೀವು ಇಷ್ಟು ಖುಷಿಪಡ್ತಿದೀರಿ?" ಎಂದಳು.

ಅವಳು ತಂದಿಟ್ಟ ಕಾಫಿ ಆರುತ್ತಿದ್ದರೂ, ಮೊದಲು ಅವರಿಗೆ ಉತ್ತರ ಬರೆಯಲು ಕುಳಿತೆ.