ಬೀಗರೂಟಕ್ಕೆ ಹೊರಟ ರೇಸಿನ ಕನ್ವರ್ಟರು

ನನ್ನ ಗಂಡನಿಗೆ ಕುಡಿತವಿರಲಿಲ್ಲ, ಇಸ್ಪೀಟಿನ ಚಟವೂ ಇರಲಿಲ್ಲ. ಇದನ್ನು ನಾಗಮಂಗಲದ ನನ್ನ ತವರಿನವರು ಕಂಡಕಂಡವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರಿಗೆ ಕಾರಿನ ವಿಷಯ ಇನ್ನೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಕೃಷ್ಣರಾಜಪೇಟೆಯಲ್ಲಿ ನಮ್ಮದು ಪಂಪ್‌ಸೆಟ್ಟು ಮಾರುವ, ರಿಪೇರಿ ಮಾಡುವ ಅಂಗಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ಮೈಸೂರಿನ ಬಂಗಲೆಯೊಂದರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಉದ್ದನೆಯ ಫಾರಿನ್ ಕಾರೊಂದನ್ನು ನಮ್ಮವರು ಒಂದು ದಿನ ಲಾರಿಯ ಹಿಂದೆ ಕಟ್ಟಿಕೊಂಡು ತಂದರು. ಅದರ ಮೂತಿ ನಮ್ಮ ಗೇಟಿನೊಳಗಿದ್ದರೆ ಬಾಲ ಪಕ್ಕದ ಮನೆಯವರ ರಂಗೋಲಿಯ ಮೇಲಿರುತ್ತಿತ್ತು.

ಆ ಕಾರಿನ ವಿಶೇಷವೆಂದರೆ ಅದಕ್ಕೆ ಕ್ಲಚ್ಚಿರಲಿಲ್ಲ. ಎರಡೇ ಪೆಡಲು. ಒಂದು ಓಡಿಸುವುದಕ್ಕೆ, ಒಂದು ನಿಲ್ಲಿಸುವುದಕ್ಕೆ. ಗೇರು ತಾನಾಗಿಯೇ ಬೀಳುತ್ತದೆ ಎಂದು ಇವರು ಹೇಳಿದರೆ ಊರಿನವರು ನಂಬಲಿಲ್ಲ. ಟ್ರಾಕ್ಟರು ಓಡಿಸುವವರು ಒಬ್ಬೊಬ್ಬರಾಗಿ ಬಂದು ಸ್ಟೇರಿಂಗಿನ ಕೆಳಗೆ ಬಗ್ಗಿ ನೋಡಿ, ಮಾರಿದವನು ಒಂದು ಪೆಡಲು ಕಿತ್ತುಕೊಂಡು ಕೊಟ್ಟಿದ್ದಾನೆ ಎಂದು ತೀರ್ಮಾನಿಸಿ ಇವರಿಗೆ ಸಮಾಧಾನ ಹೇಳಿ ಹೋಗುತ್ತಿದ್ದರು.

ರಿಪೇರಿಯಾದ ಮೇಲೆ ಕಾರು ಇದ್ದ ಹಾಗೆಯೇ ಓಡಿಕೊಂಡಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಶ್ರೀರಂಗಪಟ್ಟಣದ ಕೋಟೆಯೊಳಗೆ ಸಾಬರೊಬ್ಬರ ಗ್ಯಾರೇಜಿತ್ತು. ಅವರು ಬಹಳ ವರ್ಷ ಗಲ್ಫಿನಲ್ಲಿದ್ದು, ಅಲ್ಲಿನ ಶ್ರೀಮಂತರ ಇಂಥವೇ ಕಾರುಗಳನ್ನು ಮರಳಿನ ಮೇಲೆ ಹಾರಿಸಿ ಬಂದವರು. ಇಲ್ಲಿ ಅವರ ಪಾಲಿಗೆ ಬರುತ್ತಿದ್ದುದು ಗೂಡ್ಸ್ ಆಟೋಗಳು. ನಮ್ಮ ಕಾರಿನ ಬಾನೆಟ್ಟು ಎತ್ತಿ ನೋಡಿದ ದಿನ ಅವರ ಮುಖ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಂಡವರ ಮುಖದಂತಿತ್ತು. ಅಂದಿನಿಂದ ಪ್ರತಿ ಭಾನುವಾರ ನಮ್ಮವರು ಅಲ್ಲಿ. ಇಬ್ಬರೂ ಸೇರಿ ಇಂಜಿನ್ ಬಿಚ್ಚಿದರು. ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂಥ ಬೇರೆ ಕ್ಯಾಮ್‌ಶಾಫ್ಟು ಹಾಕಿದರು, ದೊಡ್ಡ ಕಾರ್ಬುರೇಟರು ಕೂರಿಸಿದರು.

ಓಡುವಾಗ ಕಾರು ಹುಲಿಯಾಯಿತು, ನಿಂತಾಗ ಮಾತ್ರ ಅದಕ್ಕೆ ಚಳಿಜ್ವರ. ಹೊಸ ಕ್ಯಾಮಿನ ಶಕ್ತಿಯೆಲ್ಲ ಇಂಜಿನ್ ಜೋರಾಗಿ ತಿರುಗುವಾಗಲೇ ಹೊರತು ನಿಧಾನವಾಗಿ ತಿರುಗುವಾಗ ಇಲ್ಲ. ಗೇರಿನಲ್ಲಿಟ್ಟು ಬ್ರೇಕು ಹಿಡಿದರೆ ಗಡಗಡ ನಡುಗಿ ಆಫ್ ಆಗಿಬಿಡುತ್ತಿತ್ತು. ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಮುಂದೆ ಒಂದು ಸಂಜೆ ಹೀಗೇ ನಿಂತಿತು. ಹಿಂದಿದ್ದ ಬಸ್ಸಿನ ಡ್ರೈವರು ಹಾರನ್ ಮಾಡಿ ಮಾಡಿ ಸಾಕಾಗಿ, ಪಕ್ಕದಲ್ಲಿ ತೂರಿ ಬಂದು, ಕಿಟಕಿಯಿಂದ ತಲೆ ಹಾಕಿ, ತಳ್ಳೋಕೆ ನಮ್ ಪ್ಯಾಸೆಂಜರ್‌ಗಳ್ನ ಇಳಿಸ್ಲಾ ಎಂದು ಮರ್ಯಾದೆಯಿಂದಲೇ ಕೇಳಿ ಹೋದ. ಆ ಮರ್ಯಾದೆಯೇ ಇವರಿಗೆ ಚುಚ್ಚಿದ್ದು. ರಾತ್ರಿ ಮುದ್ದೆ ಸೇರಲಿಲ್ಲ.

ಸಾಬರು ಕಾರಣ ಕಂಡುಹಿಡಿದರು. "ಗೌಡ್ರೆ, ಇಂಜಿನ್ ಶೇರ್ ಆಗೈತೆ. ಕನ್ವರ್ಟರ್ ಇನ್ನೂ ಬಕ್ರೀನೇ," ಎಂದರಂತೆ. ಇಂಜಿನ್ ಹುಲಿಯಾಗಿದೆ, ಅದರ ಹಿಂದಿರುವ ಟಾರ್ಕ್ ಕನ್ವರ್ಟರು ಮಾತ್ರ ಮೇಕೆಯಾಗಿಯೇ ಉಳಿದಿದೆ ಎಂದರ್ಥ. ಕಾರಿನ ಕಂಪನಿಯದಲ್ಲದ, ಹೊರಗಿನವರು ಮಾಡುವ ಬೇರೆ ಕನ್ವರ್ಟರು ಹಾಕಬೇಕು ಎಂದಾಯಿತು.

ಅದು ಏನೆಂದು ಮನೆಯಲ್ಲಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು, ವಿಜ್ಞಾನದ ಮೇಡಂ ಅಲ್ಲವೆ. ಅತ್ತೆ ಮಜ್ಜಿಗೆ ಕಡೆಯುತ್ತಿದ್ದರು. ಅದನ್ನೇ ತೋರಿಸಿ ಹೇಳಿದೆ: ಕಡಗೋಲು ತಿರುಗಿದರೆ ಮಜ್ಜಿಗೆ ತಿರುಗುತ್ತದೆ, ಮಜ್ಜಿಗೆ ತಿರುಗಿದರೆ ಮೇಲೆ ತೇಲುವ ಬೆಣ್ಣೆಯೂ ತಿರುಗುತ್ತದೆ. ಕನ್ವರ್ಟರಿನೊಳಗೂ ಹಾಗೇ. ಇಂಜಿನ್ನಿನ ಕಡೆ ಒಂದು ರೆಕ್ಕೆ, ಗೇರ್‌ಬಾಕ್ಸಿನ ಕಡೆ ಇನ್ನೊಂದು, ನಡುವೆ ಎಣ್ಣೆ. ಇದು ಎಣ್ಣೆಯನ್ನು ದೂಡಿದರೆ ಅದು ತಿರುಗುತ್ತದೆ. ಕಾರು ನಿಂತೇ ಇರುವಾಗ ಇಂಜಿನ್ ಎಷ್ಟು ಜೋರಿನವರೆಗೆ ತಿರುಗಬಹುದು ಎಂಬುದು ಆ ರೆಕ್ಕೆಗಳ ಅಳತೆಯ ಮೇಲಿದೆ. ನಮ್ಮ ಹಳೆಯದು ಇಂಜಿನ್ನನ್ನು ಬೇಗ ಹಿಡಿದುಬಿಡುತ್ತದೆ, ಅದಕ್ಕೇ ಆಫ್ ಆಗುತ್ತದೆ. ಸ್ವಲ್ಪ ಸಡಿಲ ಬಿಡುವಂಥದು ಬೇಕು.

ಅತ್ತೆ ಕಡಗೋಲು ನಿಲ್ಲಿಸಿ ಕೇಳಿದರು: "ಅಂಗಾರೆ ಒಂದುಕ್ಕೊಂದು ತಗಲಾಕಿಲ್ಲ ಅನ್ನು. ಬರೀ ಎಣ್ಣೆ ನಂಬ್ಕಂಡು ನಾವ್ ಕೂತ್ಕಬೇಕಾ ಮಗಾ?"

ನಾನು ಹೌದೆಂದೆ. ಅವರು ಮಗನನ್ನೊಮ್ಮೆ ನೋಡಿ ಮತ್ತೆ ಕಡೆಯತೊಡಗಿದರು.

ಬೆಂಗಳೂರಿನಲ್ಲಿ ಫಾರಿನ್ ಕಾರಿನ ಬಿಡಿಭಾಗ ತರಿಸಿಕೊಡುವ ಒಂದು ಅಂಗಡಿಯಿತ್ತು. ದಸರಾ ರಜೆಯಲ್ಲಿ ನಾನೂ ಜೊತೆಗೆ ಹೋದೆ. ಕನ್ವರ್ಟರನ್ನು ಅಲ್ಲೇ ಮೊದಲು ಕಣ್ಣಾರೆ ಕಂಡಿದ್ದು. ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಇಟ್ಟು ವೆಲ್ಡಿಂಗ್ ಮಾಡಿದಂತಿತ್ತು. ಅಂಗಡಿಯ ಯಜಮಾನರು ಬಿಳಿ ಷರಟಿನ ವಯಸ್ಸಾದವರು. ಅವರ ಹತ್ತಿರ ಮೂರು ಬಗೆಯವಿದ್ದವು. ಮೊದಲನೆಯದು ಹಳೆಯದರಂಥದ್ದೇ. ಎರಡನೆಯದು ನಡುವಿನದು. ಮೂರನೆಯದು ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು, ಕಡುನೀಲಿ ಬಣ್ಣದ್ದು, ಬರೀ ರೇಸಿಗೆ. ಚಿಕ್ಕದಾದಷ್ಟೂ ಇಂಜಿನ್ನನ್ನು ಹೆಚ್ಚು ಸಡಿಲ ಬಿಡುತ್ತದಂತೆ.

ಯಜಮಾನರು ಕೊಡುವ ಮೊದಲು ಡಾಕ್ಟರ ಹಾಗೆ ಪ್ರಶ್ನೆ ಕೇಳತೊಡಗಿದರು. ಕಾರು ಎಷ್ಟು ಭಾರ, ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕವೇನು, ಕ್ಯಾಮಿನ ಶಕ್ತಿ ಎಲ್ಲಿಂದ ಶುರುವಾಗುತ್ತದೆ. ಇಷ್ಟಕ್ಕೆಲ್ಲ ನಮ್ಮವರು ಸರಿಯಾಗಿಯೇ ಹೇಳಿದರು. ಆಮೇಲೆ ಅವರು, ಕಾರನ್ನು ಯಾವುದಕ್ಕೆ ಬಳಸುತ್ತೀರಿ ಎಂದರು. ನಮ್ಮವರು ನನ್ನ ಕಡೆ ನೋಡದೆ, "ರೇಸಿಗೆ," ಎಂದುಬಿಟ್ಟರು.

ನಾವು ಆ ಕಾರಿನಲ್ಲಿ ಹೋಗುತ್ತಿದ್ದುದು ಬೂಕನಕೆರೆಯ ಗದ್ದೆಗೆ, ಪಾಂಡವಪುರದ ನೆಂಟರ ಮನೆಗೆ, ಭಾನುವಾರ ಶ್ರೀರಂಗಪಟ್ಟಣಕ್ಕೆ. ಡಿಕ್ಕಿಯಲ್ಲಿ ಬೂಸಾ ಮೂಟೆ, ಹಿಂದಿನ ಸೀಟಿನಲ್ಲಿ ಅತ್ತೆ. ಅತ್ತೆಗೆ ಎತ್ತಿನ ಗಾಡಿಗಿಂತ ಜೋರಾಗಿ ಹೋದರೆ ವಾಂತಿ.

ಮನೆಯವರನ್ನು ಕೂರಿಸಿಕೊಂಡು ಓಡಾಡುವುದಾದರೆ ನಡುವಿನದು ಸಾಕು, ಯಾವುದು ಹಾಕಿದರೂ ಎಣ್ಣೆ ತಣ್ಣಗಿಡುವ ಕೂಲರು ಬೇರೆ ಹಾಕಿಸಿ ಎಂದು ಯಜಮಾನರು ಎರಡೆರಡು ಸಲ ಹೇಳಿದರು. ನಮ್ಮವರು ನೀಲಿಯದನ್ನು ಹೋರಿ ನೋಡುವವರ ಹಾಗೆ ಸುತ್ತು ಹಾಕಿ, ತಟ್ಟಿ, ಎತ್ತಿ ನೋಡಿದರು. ನಾನು ನಡುವಿನದನ್ನು ಬೆರಳು ಮಾಡಿ ತೋರಿಸಿದೆ. ಇವರು ತಗ್ಗಿದ ದನಿಯಲ್ಲಿ, "ಅದು ಸಪ್ಪೆ ಕಣೆ," ಎಂದರು. ತಿರುಗಿ ಊರಿಗೆ ಬರುವ ಬಸ್ಸಿನಲ್ಲಿ ನೀಲಿ ಕನ್ವರ್ಟರು ಅವರ ತೊಡೆಯ ಮೇಲೆ ಕೂತಿತ್ತು. ಎಣ್ಣೆ ಕೂಲರು ಬಂದಿರಲಿಲ್ಲ. ಅದನ್ನು ಆಮೇಲೆ ನೋಡಿದರಾಯಿತು ಎಂದಿದ್ದರು.

ಸಾಬರು ಅದನ್ನು ಕೂರಿಸಿ ಕಾರು ಮನೆಗೆ ತಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ನಡುಕ ಹೋಗಿತ್ತು, ಆಫ್ ಆಗುವುದು ನಿಂತಿತ್ತು. ಅದು ನಿಜ. ಆದರೆ ಆಕ್ಸಲರೇಟರು ಒತ್ತಿದರೆ ಮೊದಲು ಸದ್ದು ಮಾತ್ರ. ರೈಸ್ ಮಿಲ್ಲು ಶುರುವಾದಂತೆ ಅರಚುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು ಸದ್ದು. ಹೋಗುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಬಾಣದ ಹಾಗೆ ನೆಗೆಯುತ್ತದೆ. ಆ ದಿನ ನೆಗೆದದ್ದು ಎದುರು ಮನೆಯ ಅವರೆ ಚಪ್ಪರದವರೆಗೆ. ಸಾಬರೂ ಇವರೂ ಚಪ್ಪರದ ಕೆಳಗೇ ಕಾರಿನಿಂದ ಇಳಿದು ಬಂದು ಕೈ ಕುಲುಕಿದರು.

ಅದಾದ ಸ್ವಲ್ಪ ದಿನಕ್ಕೆ ಪಾಂಡವಪುರದಲ್ಲಿ ಅತ್ತೆಯ ತಮ್ಮನ ಮಗಳ ಮದುವೆ ಮುಗಿದು ಬೀಗರೂಟ. ಬಸ್ಸಿಗೆ ಹೋಗೋಣವೆಂದು ನಾನು ಹೇಳಿದೆ. ಕಾರಿಟ್ಟುಕೊಂಡು ಬಸ್ಸಿಗೆ ಹೋದರೆ ಬಂಧುಗಳು ನಗುತ್ತಾರೆ ಎಂದು ಇವರು. ಅತ್ತೆ ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಹಿಂದೆ ಕೂತರು. ಮೊದಲನೇ ಪಂಕ್ತಿಗೆ ಹೋಗಿ ಮುಟ್ಟಬೇಕು, ಎರಡನೇ ಪಂಕ್ತಿಯವರಿಗೆ ಬರೀ ಮೂಳೆ ಬಡಿಸುತ್ತಾರೆ ಎಂಬುದು ಅವರ ಒಂದೇ ಚಿಂತೆ.

ಬೂಕನಕೆರೆ ದಾಟುವವರೆಗೆ ಚೆನ್ನಾಗಿಯೇ ಹೋದೆವು. ಅಲ್ಲಿಂದ ಮುಂದೆ ಪಾಂಡವಪುರದ ಕಡೆಗೆ ಕಬ್ಬಿನ ಗಾಡಿಗಳ ಸಾಲು. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲ. ರಸ್ತೆ ಕಿರಿದು, ಎದುರಿನಿಂದ ಖಾಲಿ ಗಾಡಿಗಳು ಬರುತ್ತಿವೆ. ದಾಟುವುದಕ್ಕೆ ಜಾಗವಿಲ್ಲ. ಎತ್ತಿನ ಹೆಜ್ಜೆಗೆ ಕಾರಿನ ಹೆಜ್ಜೆ ಕೂಡಿಸಬೇಕು. ನಮ್ಮ ಕನ್ವರ್ಟರಿಗೆ ಎತ್ತಿನ ಹೆಜ್ಜೆ ಬರುವುದಿಲ್ಲ. ಒಂದೋ ನಿಂತು ಅರಚುತ್ತದೆ, ಇಲ್ಲವೆ ನೆಗೆಯುತ್ತದೆ. ಅದು ಅರಚಿದಾಗಲೆಲ್ಲ ಮುಂದಿನ ಗಾಡಿಯ ಎತ್ತುಗಳು ಕಿವಿ ನಿಮಿರಿಸಿ ಓಡಲು ನೋಡುತ್ತಿದ್ದವು. ಗಾಡಿಯವನು ಹಗ್ಗ ಜಗ್ಗಿ ಹಿಡಿದು ಹಿಂದಕ್ಕೆ ತಿರುಗಿ ನಮ್ಮನ್ನು ನೋಡುತ್ತಿದ್ದ. ಬೈಯಲಿಲ್ಲ. ಕಾಯಿಲೆಯವರನ್ನು ಕರೆದೊಯ್ಯುತ್ತಿದ್ದಾರೆ ಎಂದುಕೊಂಡಿದ್ದನಂತೆ.

ಹೀಗೆ ಅರಚುವಾಗೆಲ್ಲ ಒಳಗಿನ ಎಣ್ಣೆ ಸುಮ್ಮನೆ ಕಲಕಿ ಕಲಕಿ ಕಾಯುತ್ತದೆ. ಇದನ್ನು ಪಾಠ ಹೇಳುವವಳಾದ ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆದದ್ದು ಸುಟ್ಟ ವಾಸನೆ ಬಂದಾಗ. ದಾರಿಯಲ್ಲಿ ಸಿಗುವ ಚಿನಕುರಳಿ ಊರು ಇನ್ನೂ ಮುಂದಿತ್ತು. ಬಾನೆಟ್ಟಿನ ಕೆಳಗಿಂದ ಹೊಗೆ ಎದ್ದಿತು, ರಸ್ತೆಯ ಮೇಲೆ ಕೆಂಪಗೆ ಏನೋ ತೊಟ್ಟಿಕ್ಕಿತು. ಆ ಗೇರ್‌ಬಾಕ್ಸಿನ ಎಣ್ಣೆ ಇರುವುದೇ ದಾಸವಾಳದಂಥ ಕೆಂಪು ಬಣ್ಣದಲ್ಲಿ. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿದರು.

"ಏನ್ಲಾ ಇದು, ರಕ್ತ ಕಾರ್ಕತಾ ಅದೆ," ಎಂದವರೇ ಬಾಗಿಲು ತೆಗೆದು ಇಳಿದುಬಿಟ್ಟರು.

ಅದು ಎಣ್ಣೆ, ತಣ್ಣಗಾದರೆ ಹೋಗಬಹುದು ಎಂದು ಇವರು ಬಾನೆಟ್ಟಿನೊಳಗಿಂದಲೇ ವಿವರಿಸಿದರು. ಅತ್ತೆ ಕಾಯಲಿಲ್ಲ. ಮುಂದಿನ ಗಾಡಿಯವನನ್ನು ಕೂಗಿ ನಿಲ್ಲಿಸಿ, ಅವನ ಊರು, ಮನೆತನ ವಿಚಾರಿಸಿ, ಎಲ್ಲೋ ದೂರದ ನೆಂಟಸ್ತಿಕೆಯನ್ನೂ ಹುಡುಕಿ, ಸೀರೆ ಎತ್ತಿ ಕಟ್ಟಿ ಮೂಕಿಯ ಮೇಲೆ ಕಾಲಿಟ್ಟು ಕಬ್ಬಿನ ಹೊರೆಯ ಮೇಲೆ ಹೋಗಿ ಕೂತರು.

"ನೀವು ಬೀಗರೂಟಕ್ಕೆ ಬರ್ತೀರೋ, ಇಲ್ಲ ತಿಥಿ ಊಟಕ್ಕೆ ಬರ್ತೀರೋ ನೋಡ್ಕಳಿ. ನಾನು ಹೊಂಟೆ," ಎಂದರು.

ಗಾಡಿ ಕದಲಿತು. ಕನಕಾಂಬರದ ದಂಡೆ ಕಬ್ಬಿನ ಸೋಗೆಯ ನಡುವೆ ಅಲುಗಾಡುತ್ತ ತಿರುವಿನಲ್ಲಿ ಮರೆಯಾಗುವವರೆಗೆ ನಾವಿಬ್ಬರೂ ನೋಡುತ್ತಾ ನಿಂತೆವು. ನನಗೆ ನಗು ತಡೆಯಲಾಗಲಿಲ್ಲ. ಇವರಿಗೆ ಕೋಪ ಬಂತು, ಆಮೇಲೆ ಅವರೂ ಬಂಪರಿನ ಮೇಲೆ ಕೂತು ನಗತೊಡಗಿದರು.

ಕಾರು ಪಾಂಡವಪುರ ಸೇರಿದ್ದು ಟ್ರಾಕ್ಟರಿನ ಹಿಂದೆ. ಅಷ್ಟರಲ್ಲಿ ಮೂರನೇ ಪಂಕ್ತಿಯೂ ಎದ್ದಿತ್ತು. ಅತ್ತೆಗೆ ಮೊದಲನೇ ಪಂಕ್ತಿ ಸಿಕ್ಕಿರಲಿಲ್ಲ, ಆದರೆ ಕಬ್ಬಿನ ಗಾಡಿಯಿಂದ ರೇಷ್ಮೆ ಸೀರೆಯಲ್ಲಿ ಇಳಿದ ಹಿರಿಯಕ್ಕನಿಗೆ ಬೀಗರೇ ಎದ್ದು ಬಂದು ಒಳ್ಳೊಳ್ಳೆಯ ತುಂಡು ಹಾಕಿಸಿದ್ದರಂತೆ. ಅವರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಚಪ್ಪರದ ತುಂಬಾ ಕೂತವರಿಗೆ ಕಡಗೋಲು ಮಜ್ಜಿಗೆಯ ಉಪಮಾನ ಸಮೇತ ಕನ್ವರ್ಟರಿನ ಕತೆ ಹೇಳುತ್ತಿದ್ದರು. ನಮಗೆ ಉಳಿದದ್ದು ಸಾರು. ಉಣ್ಣುವಾಗ ಸುತ್ತ ನಿಂತ ಬಂಧುಗಳೆಲ್ಲ ಎಂಥ ಕನ್ವರ್ಟರು ಕೊಳ್ಳಬೇಕೆಂದು ಇವರಿಗೆ ಸಲಹೆ ಕೊಟ್ಟರು. ಹಿಂದಿನ ಗಳಿಗೆಯವರೆಗೆ ಆ ಪದವನ್ನೇ ಕೇಳದವರೂ ಕೊಟ್ಟರು.

ಮತ್ತೆ ಬೆಂಗಳೂರಿಗೆ ಹೋದೆವು. ಈ ಸಲ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನಾನು. ಬೂಸಾ ಮೂಟೆ, ಕಬ್ಬಿನ ಗಾಡಿ, ವಾಂತಿ, ಯಾವುದನ್ನೂ ಮುಚ್ಚಿಡಲಿಲ್ಲ. ಯಜಮಾನರು ಗಂಭೀರವಾಗಿ ಕೇಳಿಸಿಕೊಂಡು, ನಡುವಿನ ಕನ್ವರ್ಟರನ್ನೂ ಕೂಲರನ್ನೂ ಮೇಜಿನ ಮೇಲಿಟ್ಟರು. ನೀಲಿಯದನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು. ರೇಸಿಗೆ ಹೋಗುವ ಯಾರಾದರೂ ನಿಜವಾಗಿ ಬಂದರೆ ಕೊಡುತ್ತೇನೆ ಎಂದರು. ಇವರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

ನಡುವಿನದು ಕೂತ ಮೇಲೆ ಕಾರು ಮನುಷ್ಯರ ಮಾತು ಕೇಳತೊಡಗಿತು. ನಿಂತಾಗ ನಿಲ್ಲುತ್ತಿತ್ತು, ಒತ್ತಿದಾಗ ಹೊರಡುತ್ತಿತ್ತು, ಗಾಡಿಗಳ ಹಿಂದೆ ತೆವಳುವುದಕ್ಕೂ ಬೇಸರಪಡುತ್ತಿರಲಿಲ್ಲ. ಸಾಬರು ಓಡಿಸಿ ನೋಡಿ, ಅಚ್ಛಾ ಹೈ ಎಂದಷ್ಟೇ ಹೇಳಿ ಗೂಡ್ಸ್ ಆಟೋದ ಕೆಳಗೆ ಮಲಗಿದರು. ಇವರ ಉತ್ಸಾಹವೂ ನಿಧಾನವಾಗಿ ಇಳಿಯಿತು. ಕಾರು ಅಂಗಳದಲ್ಲಿ ನಿಂತೇ ಇರುವುದು ಹೆಚ್ಚಾಯಿತು.

ಆಗ ನನಗೊಂದು ಆಸೆ ಹುಟ್ಟಿತು. ಮದುವೆಯಾದ ಹೊಸದರಲ್ಲಿ ಇವರು ನನಗೆ ಜೀಪು ಕಲಿಸಲು ಹೋಗಿ, ಕ್ಲಚ್ಚು ಬಿಡುವಾಗಲೆಲ್ಲ ಅದು ಕಪ್ಪೆಯಂತೆ ಕುಪ್ಪಳಿಸಿ, ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದೆವು. ಇಲ್ಲಿ ಬಿಡಬೇಕಾದ ಕ್ಲಚ್ಚೇ ಇಲ್ಲವಲ್ಲ. ಒಂದು ಬೆಳಗ್ಗೆ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇಟಿನಿಂದ ಹೊರಗೆ ತೆಗೆದೆ. ಬೇಸಿಗೆ ಮುಗಿಯುವಷ್ಟರಲ್ಲಿ ಲೈಸೆನ್ಸೂ ಬಂತು. ಸೀರೆ ಉಟ್ಟು ಅಷ್ಟುದ್ದದ ಕಾರನ್ನು ಶಾಲೆಯ ಗೇಟಿನೊಳಗೆ ತಿರುಗಿಸುವಾಗ ಹೆಣ್ಣುಮಕ್ಕಳು ಕಿಟಕಿಗಳಲ್ಲಿ ತುಂಬಿಕೊಳ್ಳುತ್ತಿದ್ದರು. ಇವರು ಅಂಗಡಿಗೆ ಸ್ಕೂಟರಿನಲ್ಲಿ ಹೋಗತೊಡಗಿದರು.

ಒಂದು ಶನಿವಾರ ಶಾಲೆ ಮುಗಿಸಿ, ಅತ್ತೆಯನ್ನು ಕರೆದುಕೊಂಡು ನಾಗಮಂಗಲಕ್ಕೆ ಹೊರಟಿದ್ದೆ. ಊರು ದಾಟಿದ ಮೇಲೆ ರಸ್ತೆ ನೇರಕ್ಕೆ ಬಿತ್ತು. ಮುಂದೆ ಒಂದು ದನವಿಲ್ಲ, ಗಾಡಿಯಿಲ್ಲ. ಹಿಂದಿನಿಂದ ಬಸ್ಸೊಂದು ಹಾರನ್ ಮಾಡುತ್ತ ಮೇಲೆಯೇ ಬರುತ್ತಿತ್ತು. ಕಾಲು ತಾನಾಗಿಯೇ ಕೆಳಗೆ ಹೋಯಿತು. ಇಂಜಿನ್ ಒಂದು ಸಲ ಉಸಿರೆಳೆದುಕೊಂಡು ಎಲ್ಲವನ್ನೂ ಒಟ್ಟಿಗೆ ಮುಂದಕ್ಕೆ ನೂಕಿತು. ಬೆನ್ನು ಸೀಟಿಗೆ ಅಂಟಿತು, ಹೊಂಗೆ ಮರಗಳು ಒಂದರ ಹಿಂದೊಂದು ಹಿಂದೆ ಸರಿದವು, ಕನ್ನಡಿಯಲ್ಲಿ ಬಸ್ಸು ಬೆಂಕಿಪೊಟ್ಟಣದಷ್ಟಾಯಿತು. ನನಗೆ ಗಂಟಲಲ್ಲಿ ನಗು ಬಂತು, ತಡೆದುಕೊಂಡೆ. ಹಿಂದೆ ಕೂತ ಅತ್ತೆ ವಾಂತಿ ಎನ್ನುತ್ತಾರೇನೋ ಎಂದು ಹೆದರಿ ಕಾಲು ಸಡಿಲಿಸಿದೆ.

ಹಿಂದಿನಿಂದ ಅತ್ತೆಯ ದನಿ ಬಂತು: "ಯಾಕ್ ಮಗಾ ನಿಧಾನ ಮಾಡ್ಬುಟ್ಟೆ?"